ಕ್ಯಾಸೆಟ್ಟಿನ ದರ ಮತ್ತು ಕಲ್ಲುಸಕ್ಕರೆ

ಈ ಬರವಣಿಗೆಯಲ್ಲಿ ಲೋಪಗಳು ಕಂಡುಬಂದರೆ ಓದುಗರು ದಯವಿಟ್ಟು ಕ್ಷಮಿಸಬೇಕು. ನಾನು ಬರೆದು ಬದುಕಿದವನಲ್ಲ, ಹಾಡುಗಳನ್ನು ಟೇಪಿಗೆ ತುಂಬಿ ಬದುಕಿದವನು. ಟೇಪಿನಲ್ಲಾದರೆ ತಪ್ಪಿದ ಸಾಲನ್ನು ಹಿಂದಕ್ಕೆ ಸುತ್ತಿ ಮತ್ತೊಮ್ಮೆ ತುಂಬಬಹುದು. ನೆನಪಿಗೆ ಆ ಅನುಕೂಲವಿಲ್ಲ. ನಾನು ಇಲ್ಲಿ ಹೇಳುವ ಮೊತ್ತಗಳು ಹತ್ತಿಪ್ಪತ್ತು ರೂಪಾಯಿ ಅತ್ತಿತ್ತ ಆಗಿರಬಹುದು. ಆದರೆ ಯಾವ ಮೊತ್ತವನ್ನು ಹೇಳುವಾಗ ನನ್ನ ನಾಲಿಗೆ ಎಷ್ಟು ಒಣಗಿತ್ತು ಎಂಬ ವಿಷಯದಲ್ಲಿ ಮಾತ್ರ ತಪ್ಪಾಗಲಾರದೆಂದು ನಂಬಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲವದು. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. ನಮ್ಮ ಮನೆ ಬ್ಯಾಡಗಿಯಲ್ಲಿತ್ತು. ಅಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ಅವ್ವ ಅದೇ ಪೇಟೆಯ ವ್ಯಾಪಾರಿಗಳ ಅಂಗಳಗಳಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನನ್ನ ತಂಗಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಆ ಮನೆತನದಲ್ಲಿ ಮೊದಲ ಬಾರಿಗೆ ಪದವಿ ಪಡೆದವನು ನಾನು. ಬಿ.ಎ. ಮುಗಿಸಿದ ಮೇಲೆ ನಾನು ಮಾಡಿದ ಕೆಲಸಕ್ಕೆ ನಮ್ಮ ಕಡೆ ಹೆಸರೇ ಇರಲಿಲ್ಲ. ಹಾಡು ಬರೆಸುವುದು, ಅದಕ್ಕೆ ಮಟ್ಟು ಹಾಕಿಸುವುದು, ಹಾಡುವವರನ್ನೂ ನುಡಿಸುವವರನ್ನೂ ಕೂಡಿಸುವುದು, ಧ್ವನಿಮುದ್ರಣ ಮಾಡಿ ಕ್ಯಾಸೆಟ್ಟನ್ನು ಕೈಗೆ ಕೊಡುವುದು, ಇಷ್ಟನ್ನೂ ಯಾವ ಕಂಪನಿಯ ಹಂಗೂ ಇಲ್ಲದೆ ಸ್ವತಂತ್ರವಾಗಿ ಮಾಡುತ್ತಿದ್ದೆ. ಜನ ನನ್ನನ್ನು 'ಕ್ಯಾಸೆಟ್ ಮಾಸ್ತರ' ಎಂದು ಕರೆದರು. ನಾನು ಯಾವ ಶಾಲೆಯಲ್ಲೂ ಕಲಿಸಿದವನಲ್ಲ. ಆದರೂ ಆ ಹೆಸರಿನಲ್ಲಿದ್ದ ಗೌರವವನ್ನು ಬೇಡವೆನ್ನುವಷ್ಟು ಧೈರ್ಯ ನನಗಿರಲಿಲ್ಲ.

ಹಾವೇರಿಯಲ್ಲಿ ಒಂದು ಹೊಲಿಗೆ ಅಂಗಡಿಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಎರಡು ಮೈಕು, ಒಂದು ಸಣ್ಣ ಮಿಕ್ಸರು, ಎರಡು ಕ್ಯಾಸೆಟ್ ಹಾಕುವ ಒಂದು ಡೆಕ್ಕು, ಇದಿಷ್ಟೇ ಬಂಡವಾಳ. ಅದರಲ್ಲಿ ಅರ್ಧ ನಾನು ಟ್ಯೂಷನ್ ಹೇಳಿ ಗಳಿಸಿದ್ದು, ಇನ್ನರ್ಧ ಅವ್ವ ತೊಟ್ಟು ಬಿಡಿಸಿ ಉಳಿಸಿದ್ದು. ಸದ್ದು ಗೋಡೆಗೆ ಬಡಿದು ಮರಳಬಾರದೆಂದು ಅವ್ವನ ನಾಲ್ಕು ಕೌದಿಗಳನ್ನು ಗೋಡೆಗೆ ತೂಗುಬಿಟ್ಟಿದ್ದೆ. ಮುಂದಿನ ಕೋಣೆಯ ಹೊಲಿಗೆ ಯಂತ್ರ ನಿಂತಾಗ, ಕರೆಂಟು ಇದ್ದಾಗ, ಸ್ಟೇಷನ್ನಿನ ಕಡೆಯಿಂದ ಸಿಳ್ಳೆ ಕೇಳದಿದ್ದಾಗ, ಈ ಮೂರೂ ಕೂಡಿ ಬಂದ ಗಳಿಗೆಯಲ್ಲಿ ಎಲ್ಲರೂ ಒಟ್ಟಿಗೆ ನುಡಿಸಿ ಹಾಡಬೇಕು. ನಡುವೆ ಒಬ್ಬರು ಕೆಮ್ಮಿದರೂ ಮೊದಲಿನಿಂದ ಶುರು.

ಕೆಲಸದಲ್ಲಿ ನನಗೆ ಅಂಜಿಕೆ ಇರಲಿಲ್ಲ. ಅಂಜಿಕೆಯಿದ್ದದ್ದು ದರ ಹೇಳುವುದರಲ್ಲಿ.

ನನ್ನೊಂದಿಗೆ ಕಾಯಂ ಆಗಿ ನುಡಿಸುತ್ತಿದ್ದ ಹಾರ್ಮೋನಿಯಂ ಮಾಸ್ತರರು ನಾಟಕ ಕಂಪನಿಗಳಲ್ಲಿ ವರ್ಷಗಟ್ಟಲೆ ದುಡಿದು ಹಾವೇರಿಗೆ ಬಂದು ನೆಲೆಸಿದ ಹಿರಿಯರು. ಎಷ್ಟು ಕೊಡಬೇಕೆಂದು ಯಾರು ಕೇಳಿದರೂ ಅವರ ಉತ್ತರ ಒಂದೇ: "ತಿಳದಷ್ಟು ಕೊಡ್ರಿ." ಕಲಾವಿದನಾದವನು ಬಾಯಿಬಿಟ್ಟು ಮೊತ್ತ ಹೇಳಬಾರದೆಂಬುದು ಅವರ ತಲೆಮಾರಿನ ಕಟ್ಟುಪಾಡು. ನಾನೂ ಅದನ್ನೇ ಕಲಿತೆ. ಪರಿಣಾಮವಾಗಿ ಭಜನಾ ಮೇಳದವರು ತಮಗೆ ತಿಳಿದಷ್ಟು ಕೊಟ್ಟರು. ಅಗಡಿಯ ಮೇಳದವರು ಹನ್ನೊಂದು ತೆಂಗಿನಕಾಯಿ, ಒಂದು ಶಾಲು ಮತ್ತು ಐವತ್ತೊಂದು ರೂಪಾಯಿ ಕೊಟ್ಟರು. ಹೊಸರಿತ್ತಿಯ ಕಡೆಯ ಇನ್ನೊಂದು ಮೇಳದವರು ಕುಂಬಳಕಾಯಿ ಕೊಟ್ಟರು. ಅದನ್ನು ಹೊತ್ತುಕೊಂಡು ಬಸ್ಸು ಹತ್ತಿದಾಗ ಕಂಡಕ್ಟರು ಅದಕ್ಕೆ ಲಗೇಜು ಹಾಕಿದರು.

ಒಂದು ಸಂಜೆ ಅಪ್ಪ ಮನೆಯ ಮೂಲೆಯಲ್ಲಿದ್ದ ತೆಂಗಿನಕಾಯಿಯ ರಾಶಿಯನ್ನು ನೋಡುತ್ತ ಕುಳಿತಿದ್ದರು.

"ಶಾಲು ಎಷ್ಟಾದವು?"

"ಏಳು" ಎಂದಳು ತಂಗಿ ಒಳಗಿನಿಂದ.

"ಏಳು ಶಾಲು ಹೊತಗೊಂಡ್ರ ಬ್ಯಾಸಗ್ಯಾಗ ಸತ್ತಹೋಗ್ತೀವಿ." ಅಪ್ಪ ನನ್ನ ಕಡೆ ತಿರುಗಿದರು. "ನೋಡಪಾ, ಹಮಾಲಿಗೆ ಚೀಲಕ್ಕ ಇಷ್ಟು ಅಂತ ಐತಿ. ನಿಮ್ಮವ್ವನ ಕೆಲಸಕ್ಕ ಕಿಲೋಕ್ಕ ಇಷ್ಟು ಅಂತ ಐತಿ. ನಿನ್ನ ಹಾಡಿಗೆ ಎಷ್ಟಂತ ನಿನಗ ಗೊತ್ತಿಲ್ಲ. ನಿನಗ ಗೊತ್ತಿಲ್ಲಂದ್ರ ಅದು ಕಸಬು ಹೆಂಗಾದೀತು?"

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಅಪ್ಪ ಒಂದು ಗಡುವನ್ನೂ ಕೊಟ್ಟರು. ಅವರು ಕೆಲಸ ಮಾಡುತ್ತಿದ್ದ, ಮೆಣಸಿನಕಾಯಿ ದಲಾಲಿ ನಡೆಸುವ ಅಡತಿ ಅಂಗಡಿಯಲ್ಲಿ ಗುಮಾಸ್ತರೊಬ್ಬರು ಬರುವ ಯುಗಾದಿಗೆ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ನನ್ನನ್ನು ತೆಗೆದುಕೊಳ್ಳಲು ಮಾಲೀಕರು ಒಪ್ಪಿದ್ದರು. ಯುಗಾದಿಯೊಳಗೆ ಒಂದೇ ಒಂದು ಸಲ ನಾನು ನನ್ನ ಬಾಯಿಂದ ದರ ಹೇಳಿ, ಹೇಳಿದ್ದನ್ನು ಪೂರ್ತಿಯಾಗಿ ಪಡೆದು ತರಬೇಕು. ಆಗದಿದ್ದರೆ ಕೌದಿಗಳನ್ನು ಗೋಡೆಯಿಂದ ಇಳಿಸಿ ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತುಕೊಳ್ಳಬೇಕು. ಗುಮಾಸ್ತಿಕೆ ಕೀಳೆಂದು ನಾನು ಎಂದೂ ಭಾವಿಸಿರಲಿಲ್ಲ. ಆದರೆ ನನಗೆ ಆ ಕೋಣೆ ಬೇಕಾಗಿತ್ತು.

ಪದವೀಧರನಾದ ನಾನು ಮೊದಲು ಹಿಡಿದದ್ದು ಕಾಗದದ ದಾರಿಯನ್ನು. ಬಾಯಿಂದ ಹೇಳಲಾಗದ್ದನ್ನು ಮುದ್ರಿತ ಅಕ್ಷರ ಹೇಳೀತೆಂದು ಯೋಚಿಸಿ, ಹಾವೇರಿಯ ಕೋರ್ಟಿನ ಎದುರು ಕುಳಿತಿರುತ್ತಿದ್ದ ಬೆರಳಚ್ಚುಗಾರರಿಂದ ಒಂದು ದರಪಟ್ಟಿ ಮಾಡಿಸಿದೆ. 'ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ' ಎಂದು ಅದು ಪ್ರಾರಂಭವಾಗುತ್ತಿತ್ತು. ಜಾಹೀರಾತು ಗೀತೆಗೆ ರೂಪಾಯಿ ಒಂದು ಸಾವಿರದ ಐದುನೂರು ಮಾತ್ರ ಎಂಬುದು ಮೂರನೆಯ ಕಲಮಿನಲ್ಲಿತ್ತು. ಹಾರ್ಮೋನಿಯಂ ಮಾಸ್ತರರು ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ಓದಿದರು.

"ಮಾಸ್ತರ, ಇದನ್ನ ನೋಡಿದ್ರ ಹಾಡಸಾಕ ಬಂದವರು ವಕೀಲರನ್ನ ಕರಕೊಂಡು ಬರ್ತಾರ್ರಿ."

ಆ ಪಟ್ಟಿಯನ್ನು ಕಿಸೆಯಲ್ಲಿಟ್ಟುಕೊಂಡೇ ನಾನು ಶ್ರಾವಣದ ಒಂದು ಸೋಮವಾರ ರಾಣೆಬೆನ್ನೂರಿಗೆ ಹೋದೆ. ಅಲ್ಲಿಯ ಬೀಜದ ವ್ಯಾಪಾರಿಯೊಬ್ಬರು ಹಿಂಗಾರಿಯ ಬಿತ್ತನೆಗೆ ಮುಂಚೆ ಜೀಪಿಗೆ ಮೈಕು ಕಟ್ಟಿ ಹಳ್ಳಿಗಳಲ್ಲಿ ಸುತ್ತಿಸಲು ಒಂದು ಹಾಡು ಬೇಕೆಂದು ಹೇಳಿಕಳಿಸಿದ್ದರು. ಮುಂದೆ ಅಂಗಡಿ, ಹಿಂದೆ ಮನೆ. ಸಾವ್ಕಾರರು ಹಣೆ ತುಂಬ ವಿಭೂತಿ ಧರಿಸಿ ಗಾದಿಯ ಮೇಲೆ ಕುಳಿತಿದ್ದರು. ನಾನು ನಮಸ್ಕರಿಸಿದೆ. ಅವರು ತಲೆಯಾಡಿಸಿ ಎದುರಿನ ಕುರ್ಚಿಯನ್ನು ತೋರಿಸಿದರು. ಹಾಡಿನ ವಿವರವನ್ನೆಲ್ಲ ಹೇಳಿದೆ. ಮಾತಿಲ್ಲ. ಕಿಸೆಗೆ ಕೈ ಹಾಕಿದೆ. ಅಂಥ ದೊಡ್ಡ ಮನುಷ್ಯರ ಎದುರು ಮೂರನೆಯ ಕಲಮನ್ನು ತೆಗೆಯಲು ಧೈರ್ಯ ಸಾಲಲಿಲ್ಲ. ಬಾಯಿಂದಲೇ ಹೇಳಿದೆ:

"ಹದಿನೈದುನೂರು ಆಗ್ತದ್ರಿ."

ಸಾವ್ಕಾರರು ನನ್ನನ್ನು ನೋಡಿ ಮೆಲ್ಲಗೆ ಅಂಗೈ ಎತ್ತಿದರು. ಮಾತಿಲ್ಲ.

"ಹದಿಮೂರು ಮಾಡೂಣ್ರಿ."

ಮತ್ತೆ ಅಂಗೈ.

"ಸಾವಿರ. ತಬಲಾದವರಿಗೆ ಕೊಡೋದಿರ್ತದ್ರಿ, ಅದಕ್ಕ."

ಅವರ ಹುಬ್ಬು ಮೇಲೇರಿತು. ಅದನ್ನು ನಾನು ಅಸಮಾಧಾನವೆಂದು ಬಗೆದೆ. ಬೆವರು ಒರೆಸಿಕೊಳ್ಳುತ್ತ ಎಂಟುನೂರೆಂದೆ. ಈ ಸಲ ಅವರು ಎರಡೂ ಕೈ ಎತ್ತಿದರು. ಆರುನೂರೆಂದೆ. ಅಷ್ಟರಲ್ಲಿ ಒಳಗಿನಿಂದ ಗಂಟೆಯ ಸದ್ದು ಕೇಳಿತು. ಸಾವ್ಕಾರರು ಎದ್ದು ಒಳಗೆ ಹೋದರು. ಅರ್ಧ ಗಂಟೆ ನಾನು ಬೀಜದ ಚೀಲಗಳನ್ನು ನೋಡುತ್ತ ಕುಳಿತೆ. ಇನ್ನೂ ಐವತ್ತು ಇಳಿಸಬೇಕಾಗಿತ್ತೇನೋ ಎಂದು ಯೋಚಿಸುತ್ತಿದ್ದಾಗ ಅವರು ಬಾಯಿ ತುಂಬ ನಗುತ್ತ ಹೊರಗೆ ಬಂದರು.

"ಅಲ್ಲೋ ತಮ್ಮಾ, ಶ್ರಾವಣ ಸೋಮವಾರ ಪೂಜಾ ಆಗೂತನಕ ನಂದು ಮೌನ ಇರ್ತೈತಿ. ಊರಿಗೆಲ್ಲಾ ಗೊತ್ತು. ಹದಿನೈದುನೂರು ಅಂದಿ, ಇರ್ಲಿ ತಡಿ ಅಂತ ಕೈ ಮಾಡಿದೆ. ನೀ ಇಳಕೋತ ಇಳಕೋತ ಆರುನೂರಕ್ಕ ಬಂದು ಕುಂತಿ!"

"ಹಂಗಾದ್ರ ಸಾವ್ಕಾರ್ರ, ಹದಿನೈದುನೂರ…"

"ಅದ್ಹೆಂಗಾದೀತು? ಕಡೀಕ ಹೇಳಿದ್ದ ಮಾತು. ನಾ ಏನಾರ ಚೌಕಾಸಿ ಮಾಡೇನೇನು? ಬಾಯಿ ಸೈತ ತಗದಿಲ್ಲ!"

ಬಿ.ಎ. ಪದವೀಧರನಾದ ನಾನು ಆರುನೂರಕ್ಕೆ ತಲೆಯಾಡಿಸಿದೆ. ಅವರು ಊಟ ಮಾಡಿಸಿಯೇ ಕಳಿಸಿದರು. ಹೋಳಿಗೆಯ ಮೇಲೆ ತುಪ್ಪವನ್ನು ಧಾರಾಳವಾಗಿ ಸುರಿದರು. ಆ ಹಾಡಿಗೆ 'ಬಿತ್ತೋ ಅಣ್ಣ ಬಿಳಿಜೋಳ, ಮನಿಗೆ ಬರಲಿ ಚೀಲಚೀಲ' ಎಂಬ ಪಲ್ಲವಿ ಹಾಕಿ, ಹದಿನಾಲ್ಕು ಸಲ ಹಾಡಿಸಿ, ಚೆನ್ನಾಗಿಯೇ ಮಾಡಿಕೊಟ್ಟೆ. ಹಾರ್ಮೋನಿಯಂ, ತಬಲಾ, ಹಾಡುಗಾರ, ಖಾಲಿ ಕ್ಯಾಸೆಟ್ಟು ಎಲ್ಲಕ್ಕೂ ಕೊಟ್ಟು ನನಗೆ ಉಳಿದದ್ದು ನಲವತ್ತು ರೂಪಾಯಿ.

ಅವ್ವನಿಗೆ ಇದನ್ನು ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅವರು ಸುಮ್ನ ಕುಂತಿದ್ರು?"

"ಹೂಂ."

"ನೀ ಒಬ್ಬನ ನಿನ್ನ ಕೂಡ ಚೌಕಾಸಿ ಮಾಡಿದಿ?"

"ಹೂಂನವ್ವ."

"ಮತ್ತ ಅದರಾಗ ಸೋತ ಬಂದಿ?"

ತಂಗಿ ನಗುವನ್ನು ತಡೆಯಲಾರದೆ ಹಿತ್ತಲಿಗೆ ಓಡಿದಳು. ಅವ್ವ ನಗಲಿಲ್ಲ. ಮೆಣಸಿನಕಾಯಿಯ ಹಂಗಾಮು ಬರಲಿ, ಒಂದು ದಿನ ತನ್ನ ಜೊತೆಗೆ ಬಂದು ಕುಳಿತು ನೋಡೆಂದಳು.

ಹಂಗಾಮು ಬಂತು. ಬ್ಯಾಡಗಿಯ ಬೀದಿಗಳೆಲ್ಲ ಕೆಂಪಾದವು. ಊರಿಗೆ ಬಂದ ಹೊಸಬರು ಬಸ್ಸಿನಿಂದ ಇಳಿಯುತ್ತಲೇ ಸೀನತೊಡಗಿದರು. ಒಂದು ಬೆಳಗ್ಗೆ ಅವ್ವನ ಹಿಂದೆ ವ್ಯಾಪಾರಿಯೊಬ್ಬರ ಅಂಗಳಕ್ಕೆ ಹೋದೆ. ಇಪ್ಪತ್ತು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ನಿಂತಿದ್ದರು. ಅವರೆಲ್ಲರ ಪರವಾಗಿ ಮಾತನಾಡುವವಳು ಅವ್ವನೆಂಬ ಸಂಗತಿ ನನಗೆ ಅಂದೇ ತಿಳಿದದ್ದು. ಅವಳು ರಾಶಿಯಿಂದ ಒಂದು ಹಿಡಿ ಕಾಯಿ ಎತ್ತಿ, ಅಲುಗಿಸಿ, ಕೆಳಗೆ ಬಿಟ್ಟಳು.

"ಕಾಯಿ ಸಣ್ಣು ಅದಾವ್ರಿ. ಕಿಲೋ ತುಂಬಬೇಕಂದ್ರ ಎರಡರಷ್ಟು ಕೈ ಆಡಬೇಕು. ಕಿಲೋಕ್ಕ ನಲವತ್ತು ಪೈಸೆ."

ಹೇಳಿದವಳೇ ಸೆರಗಿನ ಗಂಟು ಬಿಚ್ಚಿ ಒಂದು ಹರಳು ಕಲ್ಲುಸಕ್ಕರೆ ತೆಗೆದು ಬಾಯಿಗೆ ಹಾಕಿಕೊಂಡಳು. ವ್ಯಾಪಾರಿ ಮೂವತ್ತೆಂದರು. ಅವ್ವ ಹರಳನ್ನು ಎಡಗಡೆಯಿಂದ ಬಲಗಡೆಗೆ ತಳ್ಳಿದಳು. ನಿನ್ನೆ ಇದ್ದದ್ದು ಮೂವತ್ತೇ ಎಂದರು. ಅವ್ವ ಆಕಾಶ ನೋಡಿದಳು. ಮೂವತ್ತೈದು, ಮುಂದಿನ ಓಣಿಯಲ್ಲಿ ಅಷ್ಟೂ ಕೊಡುವುದಿಲ್ಲ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಸೀನಿದರು. ವ್ಯಾಪಾರಿ ಗಡಿಯಾರ ನೋಡಿಕೊಂಡು, "ಆಗ್ಲಿ, ನಲವತ್ತು. ಕುಂದರ್ರವ್ವ" ಎಂದುಬಿಟ್ಟರು.

"ಘಾಟಿಗೆ ಗಂಟಲಾ ಹಿಡೀಬಾರ್ದಂತ ಎಲ್ಲಾರೂ ಇಟಗೊಂಡಿರ್ತೀವಿ" ಎಂದು ಅವ್ವ ಆಮೇಲೆ ತೊಟ್ಟು ಬಿಡಿಸುತ್ತ ಹೇಳಿದಳು. "ನಾ ಅಷ್ಟ ಅದನ್ನ ದರಾ ಹೇಳಿದ ಮ್ಯಾಲೆ ಬಾಯಾಗ ಹಾಕ್ಕೋತೇನಿ. ಹರಳು ಕರಗೂತನಕ ಮಾತಾಡಬಾರ್ದು. ಕರಗೂದರಾಗ ಅವರ ಮಾತಾಡಿ ಮುಗಸ್ತಾರ. ಆದ್ರ ಮೊದಲ ಕಾಯಿ ನೋಡಬೇಕು. ಎಷ್ಟ ಕೈ ಆಡ್ತಾವು ಅಂತ ನಿನಗ ಗೊತ್ತಿದ್ರ ಅಷ್ಟ ಬಾಯಿ ಸುಮ್ನ ಇರ್ತೈತಿ."

ಆ ರಾತ್ರಿ ನಾನು ಬೆರಳಚ್ಚಿನ ದರಪಟ್ಟಿಯ ಹಿಂಬದಿಯಲ್ಲಿ ಒಂದು ಹಾಡಿಗೆ ನಿಜವಾಗಿ ಎಷ್ಟು ಕೈಗಳು ಆಡುತ್ತವೆಂದು ಮೊದಲ ಬಾರಿಗೆ ಬರೆದೆ. ಬರೆಸಿದ್ದು, ಕಲಿಸಿದ್ದು, ಹದಿನಾಲ್ಕು ಸಲ ಹಾಡಿಸಿದ್ದು, ಕರೆಂಟಿಗಾಗಿ ಕಾದದ್ದು, ಪ್ರತಿ ಕ್ಯಾಸೆಟ್ಟನ್ನೂ ಕುಳಿತು ಕೇಳಿ ನೋಡಿದ್ದು. ಒಂದು ನಿಮಿಷದ ಹಾಡಿಗೆ ಒಂದು ನಿಮಿಷದ ದುಡ್ಡೆಂದು ಇಷ್ಟು ದಿನ ಒಳಗೊಳಗೇ ಅಂದುಕೊಂಡವನು ಬೇರಾರೂ ಅಲ್ಲ, ನಾನೇ.

ಯುಗಾದಿಗೆ ಇನ್ನು ಹನ್ನೆರಡು ದಿನಗಳಿದ್ದಾಗ ರಾಣೆಬೆನ್ನೂರಿನ ಅದೇ ಸಾವ್ಕಾರರು ತಾವಾಗಿಯೇ ಹಾವೇರಿಯ ನನ್ನ ಕೋಣೆಗೆ ಬಂದರು. ಬಿಳಿಜೋಳದ ಹಾಡು ಹಳ್ಳಿಗಳಲ್ಲಿ ಮಕ್ಕಳ ಬಾಯಿಗೆ ಬಿದ್ದಿತ್ತಂತೆ. ಈಗ ಮುಂಗಾರಿಗೆ ಹತ್ತಿ ಬೀಜಕ್ಕೊಂದು, ಮೆಣಸಿನ ಬೀಜಕ್ಕೊಂದು, ಒಟ್ಟು ಎರಡು ಹಾಡು ಬೇಕು. ಅದರಲ್ಲೂ ಮೆಣಸಿನ ಹಾಡಿಗೆ ಹೆಣ್ಣುದನಿಯೇ ಆಗಬೇಕು. ಅಂದು ಅವ್ವ ಬೇಸಿಗೆಗೆ ಕೌದಿಗಳನ್ನು ಒಗೆಯಲು ಒಯ್ಯಬೇಕೆಂದು ಬಂದಿದ್ದಳು. ಹಾರ್ಮೋನಿಯಂ ಮಾಸ್ತರರೂ ಇದ್ದರು.

ನಾನು ಮನಸ್ಸಿನಲ್ಲೇ ಕೈಗಳನ್ನು ಎಣಿಸಿದೆ. ನಾಲಿಗೆ ಎಂದಿನಂತೆ ಒಣಗಿತು. ಆದರೂ ಹೇಳಿದೆ:

"ಎರಡು ಹಾಡಿಗೆ ಮೂರು ಸಾವಿರ ಆಗ್ತದ್ರಿ, ಸಾವ್ಕಾರ್ರ."

ಕಿಸೆಯಿಂದ ಕಲ್ಲುಸಕ್ಕರೆ ತೆಗೆದು ಬಾಯಿಗಿಟ್ಟುಕೊಂಡೆ. ಅವಸರದಲ್ಲಿ ದೊಡ್ಡ ಹರಳನ್ನೇ ಹಾಕಿಕೊಂಡಿದ್ದೆ, ಬಯಸಿದರೂ ಮಾತನಾಡುವಂತಿರಲಿಲ್ಲ.

"ಮೂರು ಸಾವಿರ! ಹಾದ್ಯಾಗ ಒದರೂ ಹಾಡಿಗೆ?" ಎಂದರು ಸಾವ್ಕಾರರು.

ಹಾರ್ಮೋನಿಯಂ ಮಾಸ್ತರರಿಗೆ ಆ ಮೌನ ಸಹಿಸಲಾಗಲಿಲ್ಲ. "ಸಾವ್ಕಾರ್ರ, ನೀವು ತಿಳದಷ್ಟು…" ಎಂದು ಅವರು ಬಾಯಿ ತೆರೆದರು. ಪಕ್ಕದಲ್ಲೇ ಇದ್ದ ಅವ್ವ, "ಮಾಸ್ತರ, ಪ್ರಸಾದ ತಗೋರ್ರಿ" ಎನ್ನುತ್ತ ಒಂದು ಹರಳನ್ನು ಅವರ ತೆರೆದ ಬಾಯಿಗೇ ಹಾಕಿಬಿಟ್ಟಳು.

"ಹ್ವಾದ ಸಲ ಒಂದಕ್ಕ ಆರುನೂರು ಇತ್ತಲ್ಲಪಾ."

ನಾನು ಗೋಡೆಯ ಕೌದಿಯನ್ನು ನೋಡಿದೆ.

"ಆತು, ಎರಡೂ ಕೂಡಿ ಎರಡು ಸಾವಿರ ಅಂತ ಮುಗಸು. ಒಂದೊಂದ ನಿಮಿಷದ ಹಾಡು."

"ಸಣ್ಣ ಕಾಯಿಗೆ ಕೆಲಸ ಹೆಚ್ಚರಿ, ಯಪ್ಪಾ" ಎಂದಳು ಅವ್ವ, ಕೌದಿ ಮಡಚುತ್ತ, ಯಾರಿಗೂ ಅಲ್ಲವೆಂಬಂತೆ. ಹೇಳಿ ತಾನೂ ಒಂದು ಹರಳು ಹಾಕಿಕೊಂಡಳು.

"ಎರಡುವರಿ."

ಸ್ಟೇಷನ್ನಿನ ಕಡೆಯಿಂದ ಸಿಳ್ಳೆ ಕೇಳಿಬಂತು. ಸಾವ್ಕಾರರು ನನ್ನ ಉಬ್ಬಿದ ಗಲ್ಲವನ್ನು ನೋಡಿದರು. ಮಾಸ್ತರರ ಗಲ್ಲವನ್ನು ನೋಡಿದರು. ಅವ್ವನ ಗಲ್ಲವನ್ನೂ ನೋಡಿದರು.

"ಇವತ್ತ ಯಾವ ವಾರ?"

ಯಾರೂ ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ.

"ಗುರುವಾರ. ಶ್ರಾವಣ ಅಂತೂ ಅಲ್ಲ. ಮತ್ತ ನಿಮ್ಮ ಮೂರೂ ಮಂದೀದು ಇದ್ಯಾವ ಮೌನ?" ಎಂದವರು ನಿಧಾನವಾಗಿ ಮುಖವರಳಿಸಿದರು. "ಎಲಾ ಇವನ! ನನ್ನ ಮದ್ದು ನನಗ ಕುಡಸ್ತೀಯೇನು?" ಹೊಟ್ಟೆ ಹಿಡಿದುಕೊಂಡು ನಕ್ಕು, ಅಂಗೈ ಚಾಚಿದರು. "ಯವ್ವಾ, ನನಗೂ ಒಂದು ಹರಳು ಕೊಡು. ಮೂರು ಸಾವಿರಕ್ಕ ಬಾಯಿ ಸಿಹಿ ಆದ್ರೂ ಆಗ್ಲಿ."

ಅಷ್ಟರಲ್ಲಿ ನನ್ನ ಹರಳು ಕರಗಿತ್ತು. ಸಂತೋಷದಲ್ಲಿ ನಾನು ಇನ್ನೊಂದು ಮಾತನ್ನೂ ಆಡಿದೆ: ಮೆಣಸಿನ ಹಾಡನ್ನು ನಮ್ಮ ಅವ್ವನೇ ಹಾಡುತ್ತಾಳೆ, ತೊಟ್ಟು ಬಿಡಿಸುವಾಗ ಅವಳು ಹಾಡುವುದನ್ನು ಕೇಳಬೇಕು ನೀವು ಎಂದೆ. ಸಾವ್ಕಾರರಿಗೆ ಬಹಳ ಸೇರಿತು. ಅವ್ವ ಕೌದಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಮೂರು ಸಾವಿರದಾಗ ನನ್ನ ಕೈ ಎಷ್ಟ ಹಿಡಿದೀಪಾ?"

ನಾನು ಎಲ್ಲರ ಕೈಗಳನ್ನೂ ಎಣಿಸಿದ್ದೆ. ಅವಳ ಗಂಟಲನ್ನು ಎಣಿಸಿರಲಿಲ್ಲ.

"ಅವ್ವಾ, ಮನೀ ಮಂದೀನ ಅಲ್ಲೇನು…"

"ಹಾಡಿಗೆ ನಾಲ್ಕುನೂರು" ಎಂದಳು ಅವ್ವ. ಸೆರಗಿನ ಗಂಟು ಬಿಚ್ಚಿ ಮತ್ತೊಂದು ಹರಳನ್ನು ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡುತ್ತ ನಿಂತಳು.

ನಾನು ಮುನ್ನೂರೆಂದೆ. ಮುನ್ನೂರೈವತ್ತೆಂದೆ. ಸಾವ್ಕಾರರೂ ಮಾಸ್ತರರೂ ಗೋಡೆಗೊರಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾಲ್ಕುನೂರಕ್ಕೆ ಒಪ್ಪಿದೆ.

ಯುಗಾದಿಗೆ ನಾಲ್ಕು ದಿನ ಮೊದಲು ಎರಡೂ ಹಾಡುಗಳು ಮುಗಿದವು. ಅವ್ವ ಎದುರಿಗೆ ಒಂದು ಮೊರದಲ್ಲಿ ಮೆಣಸಿನಕಾಯಿ ಇಟ್ಟುಕೊಂಡು, ತೊಟ್ಟು ಬಿಡಿಸುತ್ತಲೇ ಹಾಡಿದಳು. ಕೈ ಖಾಲಿಯಿದ್ದರೆ ದನಿ ಬರುವುದಿಲ್ಲವೆಂದಳು. ಮೂರನೆಯ ಸಲಕ್ಕೇ ಹಾಡು ಸರಿಯಾಯಿತು, ಆದರೆ ಘಾಟಿಗೆ ತಬಲಾದವರು ಕೊನೆಯಲ್ಲಿ ಸೀನಿದರು. ಸಾವ್ಕಾರರು ಆ ಸೀನನ್ನು ತೆಗೆಯಗೊಡಲಿಲ್ಲ. ತಮ್ಮ ಬೀಜದ ಖಾರಕ್ಕೆ ಅದೇ ಸಾಕ್ಷಿ ಎಂದರು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದನ್ನು ತಿಳಿದೂ ನಾವು ಸುಮ್ಮನಿದ್ದೆವು.

ನಾನು ಹೇಳಿದ ಮೂರು ಸಾವಿರವೂ ಪೂರ್ತಿಯಾಗಿ ಬಂತು. ಅಪ್ಪನ ಮುಂದೆ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ಎಷ್ಟ ಹೇಳಿದ್ದಿ?"

"ಮೂರು ಸಾವಿರ."

"ಎಷ್ಟ ಸಲ ಹೇಳಿದಿ?"

"ಒಂದ ಸಲ."

ಅಪ್ಪ ಪೇಟೆಯ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಗುಮಾಸ್ತಿಕೆಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಮಾಲೀಕರಿಗೆ ಹೇಳಲು ಆಗಲೇ ಹೊರಟರು.

ಆ ಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಗಳು ಇಷ್ಟು. ನಾನು ಗುಮಾಸ್ತನಾಗಲಿಲ್ಲ, ತೊಂಬತ್ತರ ದಶಕದುದ್ದಕ್ಕೂ ಆ ಕೋಣೆಯೇ ನಮ್ಮ ಮನೆಯನ್ನು ನಡೆಸಿತು. ಅವ್ವ ಇನ್ನೆರಡು ಹಂಗಾಮು ತೊಟ್ಟು ಬಿಡಿಸಿ, ಆಮೇಲೆ ಬಿಟ್ಟಳು. ಹಾಡುವುದನ್ನು ಬಿಡಲಿಲ್ಲ, ತನ್ನ ದರವನ್ನು ಇಳಿಸಲೂ ಇಲ್ಲ. ಆ ದುಡ್ಡಿನಿಂದಲೇ ತಂಗಿ ಹಾವೇರಿಯ ಕಾಲೇಜಿಗೆ ಸೇರಿ, ನಮ್ಮ ಮನೆತನದ ಎರಡನೆಯ ಪದವೀಧರೆಯಾದಳು. ಹಾರ್ಮೋನಿಯಂ ಮಾಸ್ತರರ ದರವನ್ನು ಅವರ ಪರವಾಗಿ ಕೊನೆಯವರೆಗೂ ನಾನೇ ಹೇಳಿದೆ. ಅಪ್ಪ ಐವತ್ತೆಂಟನೆಯ ವಯಸ್ಸಿಗೆ ಚೀಲ ಹೊರುವುದನ್ನು ನಿಲ್ಲಿಸಿದರು.